ಅರ್ಧಕ್ಕೆ ನಿಂತ ಕೈ

ನನಗೇನೂ ಆಗಲಿಲ್ಲ.
ಮೂರು ವರ್ಷ ಇದನ್ನೇ ಹೇಳಿಕೊಂಡು ಬಂದೆ,
ವಿಮೆಯವನಿಗೆ, ಪಾದ್ರಿಗೆ, ಮೀನು ತೂಗುವವನಿಗೆ.
ಬೂರ್ಜ್ ಹಮ್ಮೂದಿನ ನಮ್ಮ ಓಣಿಯಲ್ಲಿ
ಸತ್ತವರಿದ್ದರು, ಮೈಗೆ ಹೊಲಿಗೆ ಬಿದ್ದವರಿದ್ದರು.
ಹೊಲಿಯುವವಳು ನಾನು
ಒಂದು ಗೀರೂ ಇಲ್ಲದೆ ಎದ್ದು ನಿಂತಿದ್ದೆ,
ತಲೆಯ ಮೇಲೆ ಗಾಜಿನ ಪುಡಿ ಮಾತ್ರ, ಸಕ್ಕರೆಯ ಹಾಗೆ.

ಬಂದರಿನ ಮೊದಲ ಸದ್ದಿಗೆ ತಾಮಾರ್ ಕಿಟಕಿಗೆ ಓಡಿದ್ದಳು,
ಹತ್ತೊಂಬತ್ತರ ಹುಡುಗಿ, ಆಗಷ್ಟೇ ಕಾಜ ಹೊಲಿಯಲು ಕಲಿತವಳು.
ಉರುಳಿದ ಬಾಬಿನ್ನಿಗೆಂದು ಬಗ್ಗಿದ್ದ ನಾನು
ಮೇಜಿನಡಿಯಿಂದಲೇ ಕೈ ಚಾಚಿದೆ
ಅವಳ ಲಂಗದ ಅಂಚು ಹಿಡಿದು ಎಳೆಯಲು.
ಕೈ ಅರ್ಧ ದಾರಿ ಹೋಗಿತ್ತು.
ಎರಡನೆಯ ಸದ್ದು ನನಗೆ ಕೇಳಿಸಲೇ ಇಲ್ಲ.
ಕಿಟಕಿ ಒಳಗೆ ಬಂತು.

ಅಂದಿನಿಂದ ಎಡಭುಜ ಕೆಳಗಿಳಿಯಲಿಲ್ಲ.
ಬಾಡಿಗೆ ಕೊಡದೆ ಬಿಡಾರ ಹೂಡಿದವನ ಹಾಗೆ
ಕಿವಿಯ ಪಕ್ಕ ಕೂತೇಬಿಟ್ಟಿತು.
ನಾನೂ ಕಸುಬಿನವಳಲ್ಲವೇ?
ಕೋಟಿನ ಎಡ ಹೆಗಲನ್ನು ಎರಡು ಬೆರಳು ಮೇಲೆ ಕತ್ತರಿಸಿ
ಯಾರಿಗೂ ಕಾಣದ ಹಾಗೆ ಹೊಲಿದುಕೊಂಡೆ.

ಕಂಡದ್ದು ಜುಮಾನಾಗೆ.
ಔಷಧದಂಗಡಿಯ ಮೇಲಿನ ಕೋಣೆ, ಎರಡು ಕುರ್ಚಿ, ಒಂದು ಶಾಲು.
ಏನಾಯಿತು ಹೇಳಿ ಎನ್ನಲಿಲ್ಲ.
"ಅರ್ಶಾಲುಯ್ಸ್, ನಿಮ್ಮ ಪಾದ ಎಲ್ಲಿದೆ?"
ಚಪ್ಪಲಿಯಲ್ಲಿ, ಎಂದೆ.
"ಚಪ್ಪಲಿಯಡಿ?"
ನೆಲ.
"ಎಷ್ಟು ತಣ್ಣಗಿದೆ?"
ಮೂರು ವಾರ ಬರೀ ನೆಲ.
ಇದಕ್ಕೆ ದುಡ್ಡು ಬೇರೆ, ಎಂದುಕೊಂಡು ಮೆಟ್ಟಿಲಿಳಿಯುತ್ತಿದ್ದೆ.
ಆದರೂ ಒಂದು ರಾತ್ರಿ, ಬೀದಿಯ ಜನರೇಟರು ಕೆಮ್ಮಿ ನಿಂತಾಗ,
ಹಾಸಿಗೆಯಿಂದ ಕಾಲಿಳಿಸಿ ನೆಲವನ್ನು ಮುಟ್ಟಿ ನೋಡಿದೆ.
ಇತ್ತು.

ನಾಲ್ಕನೆಯ ವಾರ ಕೇಳಿದಳು:
"ಆ ಭುಜಕ್ಕೆ ಏನು ಮಾಡಬೇಕಾಗಿತ್ತು?
ನಿಮ್ಮನ್ನಲ್ಲ, ಅದನ್ನು ಕೇಳುತ್ತಿದ್ದೇನೆ."
ನಾನು ಉತ್ತರ ಹುಡುಕುವುದರೊಳಗೆ
ಬೆರಳುಗಳು ಮಡಿಲಿನಿಂದ ಎದ್ದವು.
ನಿಧಾನ, ಎಂದಳು. ಇನ್ನೂ ನಿಧಾನ.
ನಿಧಾನ ನನಗೆ ಗೊತ್ತು: ಹಳೆಯ ಹೊಲಿಗೆಯನ್ನು ಎಳೆದರೆ ಬಟ್ಟೆಯೇ ಹರಿಯುತ್ತದೆ,
ಒಂದೊಂದೇ ಕುಣಿಕೆ ಕತ್ತರಿಸಬೇಕು.
ಮೊಣಕೈ ತೆರೆಯಿತು. ಮಣಿಕಟ್ಟು ತೆರೆಯಿತು.
ಚಾಚಿದ ಕೈಗೆ ಅವಳು ಶಾಲಿನ ಅಂಚು ಕೊಟ್ಟಳು.
ಹಿಡಿದೆ.
ಎಳೆದೆ.
ಈಚೆ ಬಾ, ಎಂದಿತು ಬಾಯಿ, ನನ್ನಮ್ಮನ ಭಾಷೆಯಲ್ಲಿ.

ಆಮೇಲೆ ತೊಡೆಗಳು ನಡುಗತೊಡಗಿದವು,
ಯಾರೋ ಪೆಡಲು ತುಳಿದ ಹಾಗೆ, ನಾನಲ್ಲದ ಯಾರೋ.
ತಡೆಯಬೇಡಿ, ಎಂದಳು.
ತಡೆಯಲಿಲ್ಲ. ತಾನೇ ಓಡಿ ತಾನೇ ನಿಂತಿತು.
ಕೊನೆಗೆ ಬಂದದ್ದು ಅಳುವಲ್ಲ, ಆಕಳಿಕೆ,
ದವಡೆ ಬಿದ್ದೇ ಹೋಗುವಂಥದ್ದು. ನಾಚಿಕೆಯಾಯಿತು.

ಮೈಮರೆತೆ ಎನ್ನುತ್ತೇವೆ.
ಮರೆಯುವವರು ನಾವು, ಮೈ ಎಲ್ಲಿ ಮರೆಯುತ್ತದೆ?
ಹುಡುಗಿಯನ್ನು ಕೈಬಿಟ್ಟೆ ಎಂದುಕೊಂಡಿದ್ದೆ.
ಕೈ ಬಿಟ್ಟಿರಲಿಲ್ಲ.
ಅವಳ ಲಂಗಕ್ಕೆ ಒಂದು ಗೇಣು ಈಚೆ
ಮೂರು ವರ್ಷ ಚಾಚಿಕೊಂಡೇ ಇತ್ತು.

ವಾಸಿಯಾಯಿತೆಂದು ಹೇಳುತ್ತಿಲ್ಲ.
ನಿನ್ನೆ ಲಾರಿಯೊಂದು ಕಬ್ಬಿಣ ಸುರಿಯಿತು, ಭುಜ ಹಾರಿತು.
ಆದರೆ ಒಂದು ಗುಂಡಿ ಹಚ್ಚುವಷ್ಟರಲ್ಲಿ ಇಳಿಯಿತು.
ಈಗ ಕೋಟಿನ ಎಡ ಹೆಗಲು ಜೋಲುತ್ತದೆ,
ಬಿಚ್ಚಿ ಹೊಲಿಯಬೇಕು.

ಕರೆಂಟಿಲ್ಲದ ಸಂಜೆ. ಸೂಜಿಗೆ ದಾರ ಏರಿಸಿಕೊಡು, ಎಂದೆ.
ತಾಮಾರ್ ಒಂದೇ ಸಲಕ್ಕೆ ಏರಿಸಿದಳು.
"ನೀವೆಲ್ಲ ಒಂದು ಕಣ್ಣು ಮುಚ್ಚಿಕೊಳ್ಳಬೇಕು,
ನನಗೆ ಆ ಕೆಲಸವಿಲ್ಲ," ಎಂದಳು.
ನಗಬೇಕೋ ಬೇಡವೋ ತಿಳಿಯದೆ ತಲೆ ತಗ್ಗಿಸಿದೆ.
ಅವಳ ಲಂಗದ ಅಂಚು ಒಂದು ಕಡೆ ಹೊಲಿಗೆ ಬಿಟ್ಟಿತ್ತು.
ಹಿಡಿದು ಎಳೆದೆ.
ಈಚೆ ಬಾ,
ಹಾಕಿಕೊಡುತ್ತೇನೆ.